ಕಾರಿನ ಮಾತು ಒಡೆಯನಿಗೂ ಕೇಳಿಸಲಿ

ಹೋದ ವರ್ಷ ಅಪ್ಪನ ಕಣ್ಣಿನ ಪೊರೆ ತೆಗೆಸಲು ದಿನ ಗೊತ್ತಾಗಿತ್ತು. ಪುಣೆಯಿಂದ ಧಾರವಾಡಕ್ಕೆ ಕಾರಿನಲ್ಲೇ ಹೋಗುವುದೆಂದು ತೀರ್ಮಾನಿಸಿದ್ದೆವು. ಹೊರಡಲು ನಾಲ್ಕು ದಿನ ಇರುವಾಗ, ಹಿಂಜವಡಿಯ ಸಂಜೆಯ ಟ್ರಾಫಿಕ್‌ನಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಓಡುತ್ತಿತ್ತು. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಚಳಿ ಹಿಡಿದವರಂತೆ ಸಣ್ಣಗೆ ನಡುಗುತ್ತಿತ್ತು.

ಮರುದಿನ ಒಂದು ದೊಡ್ಡ ಸರ್ವೀಸ್ ಸೆಂಟರ್‌ಗೆ ಒಯ್ದೆ. ಸಂಜೆ ಬಿಲ್ ಕೈಗೆ ಬಂತು: ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಧನಕ್ಕೆ ಸೇರಿಸುವ ಯಾವುದೋ ದ್ರಾವಣ, ಸ್ಕ್ಯಾನಿಂಗ್ ಶುಲ್ಕ, ಎಲ್ಲ ಸೇರಿ 9,400 ರೂಪಾಯಿ. ‘ಸ್ಕ್ಯಾನ್‌ನಲ್ಲಿ ಏನು ಬಂತು?’ ಎಂದು ಕೇಳಿದೆ. ‘ಸೆನ್ಸರ್ ಪ್ರಾಬ್ಲಮ್ ಇತ್ತು ಸರ್, ಕ್ಲಿಯರ್ ಮಾಡಿದ್ದೇವೆ’ ಎಂದರು. ದೀಪ ಆರಿತ್ತು. ನಾನೂ ಸುಮ್ಮನಾದೆ. ಎಂ.ಟೆಕ್ ಮಾಡಿ ಹತ್ತು ವರ್ಷ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು ‘ಯಾವ ಸೆನ್ಸರ್?’ ಎಂಬ ಎರಡನೇ ಪ್ರಶ್ನೆ ಕೇಳಲಿಲ್ಲ.

ನಿಪ್ಪಾಣಿ ದಾಟಿ ತವಂದಿ ಘಾಟ್ ಏರುವಾಗ ದೀಪ ಮತ್ತೆ ಹೊತ್ತಿತು. ಈ ಸಲ ಮಿಣುಕತೊಡಗಿತು. ಹಿಂದಿನ ಸೀಟಿನಲ್ಲಿ ಹೆಂಡತಿ, ನಿದ್ದೆ ಹೋದ ಮಗಳು. ಮುಂದೆ ಇನ್ನೂ ಸುಮಾರು ನೂರೈವತ್ತು ಕಿಲೋಮೀಟರ್. ಬದಿಗೆ ನಿಲ್ಲಿಸಿ ಅಪ್ಪನಿಗೆ ಫೋನ್ ಮಾಡಿದರೆ, ‘ನನ್ನ ಕಣ್ಣು ಎಲ್ಲೂ ಓಡಿ ಹೋಗೂದಿಲ್ಲ, ನೀವು ಸಾವಕಾಶ ಬರ್ರಿ’ ಎಂದರು. ಆ ನೂರೈವತ್ತು ಕಿಲೋಮೀಟರನ್ನು ಜೀವ ಕೈಯಲ್ಲಿ ಹಿಡಿದುಕೊಂಡು ಮುಗಿಸಿದೆ.

ಧಾರವಾಡದಲ್ಲಿ ಅಪ್ಪನ ಸ್ಕೂಟರಿನ ಕಾಲದಿಂದಲೂ ನಮ್ಮ ಮನೆಯ ಗಾಡಿ ನೋಡುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಕಿವಿಯಿಂದಲೇ ರೋಗ ಹೇಳುವವರು ಎಂಬ ಹೆಸರು. ಅವರು ಬಾನೆಟ್ ತೆಗೆಯಲೇ ಇಲ್ಲ. ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣದಷ್ಟಿದ್ದ ಕಪ್ಪು ವಸ್ತುವೊಂದನ್ನು ತೆಗೆದು, ಸ್ಟೇರಿಂಗ್ ಕೆಳಗೆ ಎಲ್ಲೋ ಸಿಕ್ಕಿಸಿ, ಫೋನ್ ನೋಡಿದರು. ‘ಪಿ0301. ಒಂದನೇ ಸಿಲಿಂಡರ್ ಮಿಸ್ಸಿಂಗ್ ಹೊಡ್ಯಾಕತ್ತೈತಿ.’ ಆಮೇಲೆ ಒಂದನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ ತೆಗೆದು ಮೂರನೆಯದಕ್ಕೆ, ಮೂರನೆಯದನ್ನು ಒಂದಕ್ಕೆ ಹಾಕಿ ಒಂದು ಸುತ್ತು ಹೊಡೆದು ಬಂದರು. ಈಗ ಫೋನಿನಲ್ಲಿ ಪಿ0303 ಎಂದಿತ್ತು. ಕಾಯಿಲ್ ಹೋದ ಕಡೆಗೇ ದೋಷವೂ ಹೋಗಿತ್ತು. ಹೊಸ ಕಾಯಿಲ್‌ಗೆ 1,900 ರೂಪಾಯಿ. ಅವರ ಕೂಲಿ ಕೇಳಿದರೆ ನಕ್ಕರು: ‘ನಿಮ್ಮ ಗಾಡೀನ ಎಲ್ಲಾ ಹೇಳಾಕತ್ತೈತಿ ಸರ್, ನಾ ಏನ ಹೇಳೂದೈತಿ?’

ಆ ಮಾತು ನನ್ನನ್ನು ಚುಚ್ಚಿತು. ಗಾಡಿ ನನ್ನದು. ಅದು ನಾಲ್ಕು ದಿನದಿಂದ ಹೇಳುತ್ತಲೇ ಇತ್ತು. ಕೇಳಿಸಿಕೊಳ್ಳುವ ಕಿವಿ ನನ್ನಲ್ಲಿರಲಿಲ್ಲ. ಪುಣೆಗೆ ಮರಳಿದ ವಾರವೇ ಅಂಥದ್ದೊಂದು ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಪರವೂರಿನಲ್ಲಿ ಗಾಡಿ ಇಟ್ಟುಕೊಂಡಿರುವ ನಮ್ಮಂಥವರ ಬಳಿ ಇದು ಇರಬೇಕು ಎಂಬುದು ಒಂದು ವರ್ಷದ ಬಳಕೆಯ ನಂತರದ ನನ್ನ ಅಭಿಪ್ರಾಯ. ಜೊತೆಗೆ, ಇದು ಏನನ್ನು ಮಾಡುವುದಿಲ್ಲ ಎಂಬ ತಿಳಿವಳಿಕೆಯೂ ಇರಬೇಕು.

ಇದರ ಹಿಂದಿನ ಕಥೆ ಸರಳ. ಹೊಗೆ ಹೆಚ್ಚಿಸುವ ದೋಷಗಳನ್ನು ಕಾರು ತಾನೇ ಪತ್ತೆಹಚ್ಚಿ ದಾಖಲಿಸಬೇಕು, ಆ ದಾಖಲೆಯನ್ನು ಯಾವ ಕಂಪನಿಯ ಕಾರಿನಿಂದಲಾದರೂ ಒಂದೇ ಬಗೆಯ ಸಾಕೆಟ್‌ನಿಂದ ಓದಲು ಬರಬೇಕು ಎಂಬ ನಿಯಮ ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಯಿತು. ಅದೇ ಒಬಿಡಿ-2. ಭಾರತದಲ್ಲಿ ಬಿಎಸ್-4 ಕಾರುಗಳಿಗೆ 2010ರಲ್ಲಿ ಮೊದಲ ಹಂತವೂ 2013ರ ಏಪ್ರಿಲ್‌ನಿಂದ ಎರಡನೇ ಹಂತವೂ ಬಂದವು. 2020ರ ಏಪ್ರಿಲ್‌ನಿಂದ ದೇಶವೆಲ್ಲ ಬಿಎಸ್-6. ಹಾಗಾಗಿ ನಿಮ್ಮ ಕಾರು ತೀರಾ ಹಳೆಯದಲ್ಲದಿದ್ದರೆ ಆ ಸಾಕೆಟ್ ನಿಮ್ಮ ಮೊಣಕಾಲಿನ ಹತ್ತಿರವೇ ಇದೆ. ನೀವು ನೋಡಿಲ್ಲ, ಅಷ್ಟೆ.

ಕೂರಿಸುವುದು ಐದು ನಿಮಿಷದ ಕೆಲಸ. ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಎರಡು ಸಾಲಿನಲ್ಲಿ ಹದಿನಾರು ಪಿನ್ ಜಾಗವಿರುವ, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾದ ಸಾಕೆಟ್ ಕಾಣುತ್ತದೆ. ಕೆಲವು ಕಾರುಗಳಲ್ಲಿ ಚಿಕ್ಕ ಮುಚ್ಚಳದ ಹಿಂದೆ ಇರುತ್ತದೆ. ಸ್ಕ್ಯಾನರ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ, ಬಲ ಹಾಕಬೇಡಿ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ‘ಆನ್’ಗೆ ತಿರುಗಿಸಿ. ಫೋನಿನ ಬ್ಲೂಟೂತ್‌ನಲ್ಲಿ ಹುಡುಕಿ ಜೋಡಿಸಿ. ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000. ಆಮೇಲೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಒಂದು ಆ್ಯಪ್ ತೆರೆದರೆ ಸಾಕು. ಐಫೋನ್ ಇದ್ದವರು ಕೊಳ್ಳುವ ಮೊದಲೇ ನೋಡಿಕೊಳ್ಳಿ, ಹಳೆಯ ಬಗೆಯ ಬ್ಲೂಟೂತ್ ಸ್ಕ್ಯಾನರ್‌ಗಳು ಅದರೊಂದಿಗೆ ಮಾತಾಡುವುದಿಲ್ಲ. ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವುದು ಬೇಕು. ಕಾಲು ಆಡಿಸುವಾಗ ತಾಗುವ ಹಾಗಿದ್ದರೆ ಆ ಸ್ಕ್ಯಾನರ್ ಹಾಕಿಕೊಂಡು ಗಾಡಿ ಓಡಿಸಬೇಡಿ.

ಮಾರುಕಟ್ಟೆಯ ಅಗ್ಗದ ಸ್ಕ್ಯಾನರ್‌ಗಳಲ್ಲಿ ಬಹುಪಾಲು ಇಎಲ್‌ಎಂ327 ಎಂಬ ಕೆನಡಾದ ಚಿಪ್‌ನ ನಕಲುಗಳು. ಡಬ್ಬದ ಮೇಲೆ ‘ಆವೃತ್ತಿ 1.5’ ಎಂದಿದ್ದರೆ ನಗಬಹುದು, ಮೂಲ ಕಂಪನಿ ಆ ಆವೃತ್ತಿಯನ್ನು ಹೊರತಂದೇ ಇರಲಿಲ್ಲ. ನಕಲುಗಳಲ್ಲಿ ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ. ವಾಪಸ್ ಮಾಡುವ ಅವಕಾಶ ಇರುವ ಕಡೆ ಕೊಳ್ಳುವುದು ಜಾಣತನ.

ಮೊದಲ ಸಲ ಜೋಡಿಸಿದ ರಾತ್ರಿ ನಾನು ಸೊಸೈಟಿಯ ಬೇಸ್‌ಮೆಂಟ್‌ನಲ್ಲಿ ಒಂದು ಗಂಟೆ ಕೂತಿದ್ದೆ. ಕೂಲಂಟಿನ ಬಿಸಿ, ಎಂಜಿನ್ ಸುತ್ತು, ಬ್ಯಾಟರಿ ವೋಲ್ಟೇಜ್ ಎಲ್ಲ ಕಣ್ಣೆದುರು ಕುಣಿಯುತ್ತಿದ್ದವು. ಆದರೆ ನಿಜವಾದ ಉಪಯೋಗ ಆ ಕುಣಿತದಲ್ಲಿಲ್ಲ, ಮೂರು ಚಿಕ್ಕ ವಿಷಯಗಳಲ್ಲಿದೆ. ಒಂದು, ದೋಷದ ಸಂಖ್ಯೆ. ‘ಪಿ’ ಎಂದರೆ ಎಂಜಿನ್ ಮತ್ತು ಗೇರ್ ಕಡೆಯದು. ಅದರ ನಂತರ ಸೊನ್ನೆ ಇದ್ದರೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಅರ್ಥ, 1 ಇದ್ದರೆ ಆ ಕಂಪನಿಯದೇ ಅರ್ಥ. ಎರಡು, ಫ್ರೀಜ್ ಫ್ರೇಮ್, ಅಂದರೆ ದೋಷ ದಾಖಲಾದ ಕ್ಷಣದಲ್ಲಿ ವೇಗ, ಬಿಸಿ, ಭಾರ ಎಷ್ಟಿತ್ತು ಎಂಬ ಚಿತ್ರ. ಮೂರು, ಕೋಡ್ ಅಳಿಸಿ ಎಷ್ಟು ಕಿಲೋಮೀಟರ್ ಆಗಿದೆ ಎಂಬ ಲೆಕ್ಕ, ಮತ್ತು ಕಾರು ತನ್ನ ಸ್ವಪರೀಕ್ಷೆಗಳನ್ನು ಮುಗಿಸಿದೆಯೇ ಎಂಬ ಪಟ್ಟಿ. ವರ್ಗಾವಣೆ ಆದಾಗಲೆಲ್ಲ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ನಮ್ಮವರಿಗೆ ಈ ಮೂರನೆಯದು ಬಂಗಾರ. ‘ಒಂದು ದೀಪವೂ ಇಲ್ಲ ನೋಡಿ’ ಎನ್ನುವ ಮಾರಾಟಗಾರನ ಕಾರಿನಲ್ಲಿ ಕೋಡ್ ಅಳಿಸಿ ಆರೇ ಕಿಲೋಮೀಟರ್ ಆಗಿದ್ದರೆ, ಆ ಶಾಂತಿ ನಿನ್ನೆಯದ್ದು.

ಇಲ್ಲಿಯವರೆಗೆ ಓದಿ ‘ಇನ್ನು ಗ್ಯಾರೇಜಿನವರನ್ನು ನಂಬಬೇಕಾಗಿಲ್ಲ’ ಎಂದುಕೊಂಡಿದ್ದರೆ, ನಾನು ಮಾಡಿದ ತಪ್ಪನ್ನೇ ನೀವೂ ಮಾಡುತ್ತೀರಿ. ಕೆಲವು ತಿಂಗಳ ನಂತರ ಪಿ0171 ಬಂತು. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅರ್ಥ. ನಾನು ಅರ್ಧ ತಾಸು ಹುಡುಕಾಡಿ, ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ತೀರ್ಪು ಕೊಟ್ಟು, 3,200 ರೂಪಾಯಿ ಕೊಟ್ಟು ತರಿಸಿ ಹಾಕಿಸಿದೆ. ಎರಡು ದಿನಕ್ಕೆ ದೀಪ ಮತ್ತೆ ಹಾಜರ್. ಕೊನೆಗೆ ನಿಗಡಿಯ ಒಂದು ಚಿಕ್ಕ ಗ್ಯಾರೇಜಿನ ಹಿರಿಯರ ಬಳಿ ಹೋದೆ. ಅವರು ಎಂಜಿನ್ ಚಾಲೂ ಇಟ್ಟು ಕಿವಿಗೊಟ್ಟರು. ಒಂದು ರಬ್ಬರ್ ಪೈಪಿನ ಬಿರುಕಿನ ಮೇಲೆ ಬೆರಳಿಟ್ಟರು. ಸದ್ದು ಬದಲಾಯಿತು. ‘ಇಲ್ಲಿಂದ ಗಾಳಿ ಎಳೀತಿದೆ’ ಎಂದು ಮರಾಠಿಯಲ್ಲಿ ಹೇಳಿ, ನೂರಾರು ರೂಪಾಯಿಯೊಳಗೆ ಕೆಲಸ ಮುಗಿಸಿದರು.

ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಗಾಳಿ ಹೆಚ್ಚಾಗಿದೆ ಎಂದು ನಿಜವನ್ನೇ ಹೇಳಿತ್ತು. ವರದಿ ತಂದವನನ್ನೇ ನಾನು ಕೆಲಸದಿಂದ ತೆಗೆದಿದ್ದೆ! ಗಾಡಿ ನಿಂತಾಗ ಮಿಶ್ರಣದ ತಿದ್ದುಪಡಿ ಜಾಸ್ತಿ, ಆಕ್ಸಿಲರೇಟರ್ ಒತ್ತಿದಾಗ ಕಡಿಮೆ ಎಂಬ ಸುಳಿವು ನನ್ನ ಫೋನಿನಲ್ಲೇ ಇತ್ತು. ಅದು ಬಿರುಕಿನ ಲಕ್ಷಣ. ಓದಲು ಬರಲಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ಹೊಸ ಹುಡುಗರಿಗೆ ನಾನೇ ಹೇಳುತ್ತಿರುತ್ತೇನೆ: ಪ್ರೋಗ್ರಾಂ ಬಿದ್ದ ಸಾಲು ಬೇರೆ, ತಪ್ಪು ನಡೆದ ಸಾಲು ಬೇರೆ. ಕಾರಿನ ವಿಷಯದಲ್ಲಿ ನನಗೇ ಮರೆತುಹೋಗಿತ್ತು.

ಇನ್ನೆರಡು ಎಚ್ಚರಿಕೆ. ಆ ಸಾಕೆಟ್‌ನ ಹದಿನಾರನೇ ಪಿನ್‌ಗೆ ಬ್ಯಾಟರಿಯ ಕರೆಂಟ್ ಸದಾ ಬರುತ್ತಿರುತ್ತದೆ, ಕೀಲಿ ತೆಗೆದರೂ ಸಹ. ದೀಪಾವಳಿಗೆ ರೈಲಿನಲ್ಲಿ ಊರಿಗೆ ಹೋದಾಗ ಸ್ಕ್ಯಾನರ್ ಅಲ್ಲೇ ಬಿಟ್ಟಿದ್ದೆ. ಎರಡು ವಾರದ ನಂತರ ಬಂದರೆ ಗಾಡಿ ಕೆಮ್ಮಲೂ ಇಲ್ಲ. ಎರಡನೆಯದು ಇನ್ನೂ ಗಂಭೀರ. ಆ ಸಾಕೆಟ್ ಕಾರಿನ ಒಳಜಾಲದ ಬಾಗಿಲು. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಸಂಶೋಧಕರು, ಇಂಥ ಸಾಕೆಟ್‌ಗೆ ಸಿಕ್ಕಿಸಿದ್ದ ಸಿಮ್ ಇರುವ ಉಪಕರಣಕ್ಕೆ ಎಸ್‌ಎಂಎಸ್ ಕಳಿಸಿ, ನಿಧಾನವಾಗಿ ಸಾಗುತ್ತಿದ್ದ ಕಾರಿನ ಬ್ರೇಕ್ ಕೆಲಸ ಮಾಡದಂತೆ ಮಾಡಿ ತೋರಿಸಿದ್ದರು. ನಮ್ಮ ಬ್ಲೂಟೂತ್ ಸ್ಕ್ಯಾನರ್‌ನ ವ್ಯಾಪ್ತಿ ಕೆಲವೇ ಮೀಟರ್, ನಿಜ. ಆದರೆ 1234 ಎಂಬ ಬೀಗವನ್ನು ಬೀಗ ಎನ್ನಲಾಗದು. ಸಿಕ್ಕಿಸಿ, ಓದಿ, ತೆಗೆದು ಡಬ್ಬಕ್ಕೆ ಹಾಕಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ರಕ್ತಪರೀಕ್ಷೆ ಮಾಡಿಸಿದರೆ ಲ್ಯಾಬಿನವರು ವರದಿಯನ್ನು ನಮ್ಮ ಕೈಗೇ ಕೊಡುತ್ತಾರೆ. ‘ಏನೋ ಇತ್ತು, ಕ್ಲಿಯರ್ ಮಾಡಿದ್ದೇವೆ’ ಎಂದರೆ ನಾವು ಒಪ್ಪುತ್ತೇವೆಯೇ? ಕಾರಿನ ಸ್ಕ್ಯಾನ್‌ಗೆ ಶುಲ್ಕ ತೆಗೆದುಕೊಂಡವರು ಅದರ ವರದಿಯನ್ನೂ ಬಿಲ್‌ಗೆ ಲಗತ್ತಿಸಬೇಕು. ಬಂದಾಗ ಯಾವ ಕೋಡ್ ಇತ್ತು, ಹೋಗುವಾಗ ಏನಿದೆ, ಎರಡೂ. ಕೋಡ್ ಅಳಿಸುವುದು ರಿಪೇರಿಯಲ್ಲ. ಅದು ದೋಷದ ಜೊತೆ ಸಾಕ್ಷಿಯನ್ನೂ ಅಳಿಸುತ್ತದೆ.

ಇದು ನನ್ನೊಬ್ಬನ ಹಟವಲ್ಲ. ಬಿಡಿಭಾಗ ಮತ್ತು ದೋಷಪತ್ತೆ ಸಾಧನಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ವಿಷಯ ಮೇಲ್ಮನವಿಗಳ ದಾರಿ ಹಿಡಿಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ದಾರಿ ತೆರೆದಿದೆ. ಕೇಳುವವರು ನಾವಾಗಬೇಕು.

ಊರಲ್ಲಿರುವವರಿಗೆ ಈ ತಾಪತ್ರಯ ಕಡಿಮೆ. ಅಪ್ಪನಿಗೆ ಸ್ಕ್ಯಾನರ್ ಬೇಕಿಲ್ಲ, ಮೂವತ್ತು ವರ್ಷದ ಪರಿಚಯ ಇದೆ. ನಾವು ಬಾಡಿಗೆ ಮನೆ ಬದಲಿಸಿದಂತೆ ಗ್ಯಾರೇಜೂ ಬದಲಿಸುವವರು. ಪುಣೆಯಲ್ಲಿ ನನ್ನ ಮರಾಠಿ ಕೇಳಿದವರಿಗೆ ನಾನು ಕರ್ನಾಟಕದವನು, ಧಾರವಾಡದಲ್ಲಿ ನನ್ನ ಎಂಎಚ್-14 ನಂಬರ್ ಪ್ಲೇಟ್ ನೋಡಿದವರಿಗೆ ಮಹಾರಾಷ್ಟ್ರದವನು. ಎರಡೂ ಕಡೆ ಅಪರಿಚಿತನ ದರ. ಇಂಥವನ ಕೈಗೆ ಪಿ0301 ಎಂಬ ಐದು ಅಕ್ಷರ, ಚೆನ್ನೈನಲ್ಲೂ ಹೈದರಾಬಾದಿನಲ್ಲೂ ದೆಹಲಿಯಲ್ಲೂ ಅರ್ಥ ಬದಲಾಗದ ಒಂದು ಭಾಷೆಯನ್ನು ಕೊಡುತ್ತದೆ. ಅದನ್ನು ಹಿಡಿದುಕೊಂಡು ಹೋಗಿ ಜಗಳ ತೆಗೆಯಬೇಕಿಲ್ಲ. ‘ದಾದಾ, ಈ ಕೋಡ್ ಬಂದಿದೆ, ನಿಮಗೇನನ್ನಿಸುತ್ತೆ?’ ಎಂದು ಕೇಳಿದರೆ ಸಾಕು. ನಿಗಡಿಯ ಆ ಹಿರಿಯರ ಜೊತೆ ನನ್ನ ಪರಿಚಯ ಬೆಳೆದದ್ದು ಹಾಗೆಯೇ. ಈಗ ನಾನು ಕೋಡ್ ಕಳಿಸುತ್ತೇನೆ, ಅವರು ‘ಶನಿವಾರ ಬಾ, ನೋಡೋಣ’ ಎನ್ನುತ್ತಾರೆ. ಕೋಡ್ ಏನೆಂದು ನಾನು ಹೇಳುತ್ತೇನೆ, ಯಾಕೆಂದು ಅವರು ಹೇಳುತ್ತಾರೆ.

ಊರಿಗೆ ಹೊರಡುವ ಹಿಂದಿನ ರಾತ್ರಿ ಟೈರಿನ ಗಾಳಿ ನೋಡಿಸಿದ ಮೇಲೆ ಎರಡು ನಿಮಿಷ ಇದನ್ನೂ ಸಿಕ್ಕಿಸಿ ನೋಡುವುದು ಈಗ ರೂಢಿಯಾಗಿದೆ. ಅಪ್ಪನಿಗೂ ಗೊತ್ತು. ಫೋನಿನಲ್ಲಿ ಮೊದಲು ಕೇಳುವುದೇ ಅದನ್ನು: ‘ಗಾಡಿ ಏನಂತೈತಿ?’

‘ಏನೂ ಅಂದಿಲ್ಲಪ್ಪಾ’ ಎನ್ನುತ್ತೇನೆ. ‘ನಸುಕಿನಾಗ ಬಿಡ್ತೀವಿ.’