ಎತ್ತರದ ಗಾಡಿಯೂ ಡಾಂಬರಿನ ದಾರಿಯೂ

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಕಳೆಗಟ್ಟುವ ದಿನಗಳಲ್ಲಿ ಮೋಟೆಬೆನ್ನೂರಿನ ತಿರುವಿನ ಬಳಿ ಸ್ವಲ್ಪ ಹೊತ್ತು ನಿಂತವರಿಗೆ ಒಂದು ನೋಟ ತಪ್ಪದು. ಹೆದ್ದಾರಿಯಲ್ಲಿ ಭರದಿಂದ ಬಂದ ಎತ್ತರದ ಜೀಪು. ಒಳಗೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಸಂಸಾರ. ನೆತ್ತಿಯ ಮೇಲೆ ಹಗ್ಗ ಬಿಗಿದ ಮೂಟೆಗಳು. ಬ್ಯಾಡಗಿಯ ದಾರಿಗೆ ಹೊರಳಿದೊಡನೆ ಗಾಡಿ ಒಂದು ಮಗ್ಗುಲಿಗೆ ವಾಲುತ್ತದೆ. ಒಳಗಿದ್ದವರು ಒಬ್ಬರ ಮೇಲೊಬ್ಬರು ಒರಗುತ್ತಾರೆ. ಮಕ್ಕಳು ನಗುತ್ತಾರೆ. ಆದರೆ ಅದು ನಗುವ ಸಂಗತಿಯಲ್ಲ.

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವನ್ನು ಹರಿಸುವ ಈ ಬಗೆಯ ವಾಹನದ ಪೂರ್ವಜ ಹುಟ್ಟಿದ್ದು ಯುದ್ಧಕ್ಕಾಗಿ. 1941ರಲ್ಲಿ ಅಮೆರಿಕದ ಸೈನ್ಯವನ್ನು ಸೇರಿದ ಜೀಪು 1947ರಿಂದ ನಮ್ಮ ದೇಶದಲ್ಲಿಯೂ ಜೋಡಣೆಯಾಗತೊಡಗಿತು. ಹಳ್ಳ, ದಿಣ್ಣೆ, ಕೆಸರು ಇವೇ ಅದರ ಕಾರ್ಯಕ್ಷೇತ್ರ. ನೆಲದಿಂದ ಎತ್ತರಕ್ಕೆ ನಿಲ್ಲುವ ಒಡಲು, ಭಾರವಾದ ಚಾಸಿ, ಮೆತ್ತಗೆ ಕುಣಿಯುವ ಸ್ಪ್ರಿಂಗು ಎಲ್ಲವೂ ಅದಕ್ಕೆ ತಕ್ಕಂತೆ ಏರ್ಪಟ್ಟವು. ಮಳೆಗಾಲದಲ್ಲಿ ರಾಣೆಬೆನ್ನೂರು ಸೀಮೆಯ ಎರೆಯ ಹೊಲದ ದಾರಿಯನ್ನು ಕಂಡವರು ಈ ಗುಣಗಳನ್ನು ಅಲ್ಲಗಳೆಯಲಾರರು. ಆದರೆ ಹೊಲದಲ್ಲಿ ಗುಣವಾದದ್ದೇ ಹೆದ್ದಾರಿಯಲ್ಲಿ ದೋಷವಾಗುತ್ತದೆ.

ತಲೆಯ ಮೇಲೆ ಎರಡು ಕೊಡ ನೀರು ಹೊತ್ತ ಹೆಂಗಸು ನೇರವಾಗಿ ಎಷ್ಟು ಲೀಲಾಜಾಲವಾಗಿ ನಡೆದರೂ ಥಟ್ಟನೆ ಹೊರಳಲಾರಳು. ಗಾಡಿಯ ಸ್ಥಿತಿಯೂ ಅದೇ. ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ದೊರೆಯುವ ಅಂಕವನ್ನು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯವರು ವಾಹನದ ಸ್ಥಿರತೆಯ ಅಳತೆಗೋಲಾಗಿ ಬಳಸುತ್ತಾರೆ. ಸಾಮಾನ್ಯ ಕಾರುಗಳಿಗೆ ಇದು 1.3ರಿಂದ 1.5ರ ವರೆಗೆ ಬಂದರೆ ಎತ್ತರದ ವಾಹನಗಳಿಗೆ 1.0ರಿಂದ 1.3ರ ವರೆಗೆ ಮಾತ್ರ. ಅಂಕ ಇಳಿದಷ್ಟೂ ಮಗುಚುವ ಭಯ ಹೆಚ್ಚು.

ಒಂದು ಲೆಕ್ಕ ನೋಡಬಹುದು. ಚಕ್ರಗಳ ನಡುವೆ 150 ಸೆಂಟಿಮೀಟರ್ ಅಂತರವುಳ್ಳ, 2000 ಕಿಲೋ ತೂಕದ ಗಾಡಿಯೊಂದರ ಗುರುತ್ವಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆಯೆನ್ನೋಣ. ಅಂಕ 1.07. ಅದರ ನೆತ್ತಿಯ ಮೇಲೆ, ಎಂದರೆ ಸುಮಾರು 2 ಮೀಟರ್ ಎತ್ತರದಲ್ಲಿ, 150 ಕಿಲೋ ಹೊರೆಯನ್ನು ಏರಿಸಿದೊಡನೆ ಕೇಂದ್ರ 9 ಸೆಂಟಿಮೀಟರಿನಷ್ಟು ಮೇಲೇರಿ ಅಂಕ 0.95ಕ್ಕೆ ಇಳಿಯುತ್ತದೆ. ಅದೇ ಹೊರೆಯನ್ನು ಒಳಗೆ ನೆಲಕ್ಕೆ ಹತ್ತಿಸಿಟ್ಟರೆ ಕೇಂದ್ರ ಏರುವುದೇ ಇಲ್ಲ. ಮೆಣಸಿನಕಾಯಿ ಹಗುರವೆಂದು ವಾದಿಸುವವರುಂಟು. ಹಗುರವೆಂದೇ ಮೂಟೆ ದೊಡ್ಡದಾಗುತ್ತದೆ, ಎತ್ತರಕ್ಕೆ ಪೇರಿಸಲ್ಪಡುತ್ತದೆ, ಪಕ್ಕದಲ್ಲಿ ಲಾರಿ ಹಾದಾಗ ಗಾಳಿಯ ಹೊಡೆತಕ್ಕೆ ಸಿಕ್ಕುತ್ತದೆ. ನೆತ್ತಿಯ ಹೊರೆಗೆ ತಯಾರಕರು ವಿಧಿಸಿದ ಮಿತಿ ಗಾಡಿಯ ಕೈಪಿಡಿಯಲ್ಲಿಯೇ ಇರುತ್ತದೆ. ಅದನ್ನು ಬಿಡಿಸಿ ನೋಡುವವರು ವಿರಳ.

ವಾಲಾಟ ಕಂಡ ಯಜಮಾನರು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸ. ಗ್ಯಾರೇಜಿಗೆ ಹೋಗಿ ದೊಡ್ಡ ಟಯರು ತೊಡಿಸಿ, ಸ್ಪ್ರಿಂಗು ಬದಲಿಸಿ ಗಾಡಿಯನ್ನು ಇನ್ನಷ್ಟು ಎತ್ತರಿಸುತ್ತಾರೆ. ನೋಟಕ್ಕೆ ಗಾಂಭೀರ್ಯ ಬಂದೀತು, ನಡೆಗೆ ಬಾರದು. ಅಷ್ಟೇ ಅಲ್ಲ, ತಯಾರಕರ ಮೂಲ ವಿವರಕ್ಕೆ ಹೊರತಾದ ಮಾರ್ಪಾಟುಗಳನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ.

ಹಣ ಸಲ್ಲಬೇಕಾದುದು ಬೇರೆಡೆಗೆ. ಮೊದಲನೆಯದು ಟಯರಿನ ಗಾಳಿ. ಬಾಗಿಲ ಕಂಬದ ಮೇಲೋ ಕೈಪಿಡಿಯಲ್ಲೋ ಕಾಣಿಸಿದ ಒತ್ತಡವನ್ನು ಓಟಕ್ಕೆ ಮುಂಚೆ, ಟಯರು ತಣ್ಣಗಿರುವಾಗಲೇ ನೋಡತಕ್ಕದ್ದು. ಗಾಡಿ ತುಂಬಿದ್ದರೆ ಹಿಂದಿನ ಚಕ್ರಗಳಿಗೆ ಹೆಚ್ಚಿನ ಅಳತೆಯನ್ನು ಬೇರೆಯಾಗಿಯೇ ಕೊಟ್ಟಿರುತ್ತಾರೆ. ಗಾಳಿ ಕುಂದಿದ ಟಯರಿನ ಮಗ್ಗುಲು ತಿರುವಿನಲ್ಲಿ ಮಡಿಚಿಕೊಳ್ಳುತ್ತದೆ. ಚಾಲಕನು ಸ್ಟೇರಿಂಗ್ ತಿರುಗಿಸಿದ ಒಂದು ಕ್ಷಣದ ಮೇಲೆ ಗಾಡಿ ತಿರುಗುತ್ತದೆ. ಎರಡನೆಯದು ಸವೆದ ಶಾಕ್ ಅಬ್ಸಾರ್ಬರುಗಳು ಮತ್ತು ರಬ್ಬರ್ ಬುಷ್‌ಗಳು. ಇವು ಒಮ್ಮೆಲೇ ಕೆಡುವುದಿಲ್ಲ, ದಿನದಿನಕ್ಕೆ ಸೊರಗುತ್ತವೆ. ಆದುದರಿಂದಲೇ ಮನೆಯವರಿಗೆ ತಿಳಿಯುವುದಿಲ್ಲ, ಅಪರೂಪಕ್ಕೆ ಹತ್ತಿದ ನೆಂಟರಿಗೆ ತಿಳಿಯುತ್ತದೆ. ಒಡಲಿನ ವಾಲಾಟವನ್ನು ತಡೆಯುವ ಅಡ್ಡಸರಳಿನ ಬುಷ್ ಹೊಸದಾದರೆ ಹಳೆಯ ಗಾಡಿಯೂ ಹಿಡಿತಕ್ಕೆ ಬರುವುದುಂಟು. ಚಕ್ರಗಳ ಅಲೈನ್‌ಮೆಂಟ್ ಅದಾದ ಮೇಲಿನ ಮಾತು. ಬುಷ್ ಸಡಿಲವಿದ್ದಾಗ ಅಲೈನ್‌ಮೆಂಟ್ ಮಾಡಿಸುವುದು ವ್ಯರ್ಥ.

ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟರೆ ಹೆದ್ದಾರಿಯಲ್ಲಿಯೂ ಹಿಡಿತ ಹೆಚ್ಚುವುದೆಂಬ ನಂಬಿಕೆಯೊಂದುಂಟು. ಸನ್ನೆಗೋಲನ್ನೆಳೆದು ಮುಂದಿನ ಚಕ್ರಗಳನ್ನು ಸೇರಿಸಿಕೊಳ್ಳುವ ಬಗೆಯ ಗಾಡಿಗಳ ವಿಷಯದಲ್ಲಿ ಇದು ಪೂರ್ತಿ ತಪ್ಪು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲದೆ ಗೇರುಗಳು ಒಂದನ್ನೊಂದು ಹಿಂಡುತ್ತವೆ, ಗಾಡಿ ತಿರುಗಲು ಮೊಂಡಾಟ ಹೂಡುತ್ತದೆ.

ಇನ್ನುಳಿದದ್ದು ಚಾಲಕನ ಪಾಲು. 40 ಕಿಲೋಮೀಟರ್ ವೇಗದಲ್ಲಿ ಹಾಯುವ ತಿರುವನ್ನು 80ರಲ್ಲಿ ಹಾಯ್ದರೆ ಪಕ್ಕಕ್ಕೆ ನೂಕುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬ್ರೇಕು ತಿರುವಿಗೆ ಮುಂಚೆಯೇ ಮುಗಿದಿರಬೇಕು. ಒಳದಾರಿಗಳಲ್ಲಿ ಡಾಂಬರಿನ ಅಂಚು ಎರೆಮಣ್ಣಿಗಿಂತ ಒಂದು ಗೇಣು ಮೇಲಿರುವ ತಾವುಗಳುಂಟು. ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಎಡಗಡೆಯ ಚಕ್ರಗಳು ಕೆಳಗಿಳಿದಾಗ ಗಾಬರಿಯಿಂದ ಬಲಕ್ಕೆ ಜಗ್ಗುವುದೇ ಅನಾಹುತದ ಮೂಲ: ಅಂಚನ್ನು ತಟ್ಟನೆ ಹತ್ತಿದ ಚಕ್ರ ಗಾಡಿಯನ್ನು ಅಡ್ಡಕ್ಕೆ ತಿರುಗಿಸುತ್ತದೆ, ಎತ್ತರದ ಒಡಲು ಉಳಿದುದನ್ನು ಮಾಡುತ್ತದೆ. ಅಲ್ಲಿ ಸ್ಟೇರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ಪೂರ್ತಿ ಇಳಿದ ಮೇಲೆ ಮೆಲ್ಲಗೆ ಹತ್ತಿಸಬೇಕು. ಈಚಿನ ಗಾಡಿಗಳಲ್ಲಿ ಒಂದೊಂದು ಚಕ್ರಕ್ಕೆ ಪ್ರತ್ಯೇಕವಾಗಿ ಬ್ರೇಕು ಹಾಕಿ ಜಾರುವಿಕೆಯನ್ನು ತಡೆಯುವ ವಿದ್ಯುನ್ಮಾನ ಏರ್ಪಾಟು ಇದೆ. ಬಹಳ ಒಳ್ಳೆಯ ಏರ್ಪಾಟು. ಆದರೆ ನೆತ್ತಿಯ ಮೇಲಿನ ಮೂಟೆಯನ್ನು ಅದು ಕೆಳಗಿಳಿಸಲಾರದು. ಪೇಟೆಗೆ ಹೋಗುವ ಮೂಟೆಗಳಿಗೆ ಬಾಡಿಗೆಯ ಟೆಂಪೊ ಸಿಕ್ಕುತ್ತದೆ. ಜೀಪಿನಲ್ಲಿ ಅಜ್ಜಿಯೂ ಮಕ್ಕಳೂ ಹಿಂದಿನ ಸೀಟಿನಲ್ಲಿಯೇ ಕುಳಿತರೂ ಬೆಲ್ಟು ಕಟ್ಟಿಕೊಳ್ಳಲಿ.