ಕೆರೆಯ ದಂಡೆಯಲ್ಲಿ ಒಂದು ಬೆಳಗು

ರಜೆ ಬಂದಿತೆಂದರೆ ಯಜಮಾನರಿಗೆ ಗಾಳದ ನೆನಪು, ಮಕ್ಕಳಿಗೆ ಡೇರೆಯ ಕನಸು, ಗೃಹಿಣಿಗೆ ಬುತ್ತಿಯ ಚಿಂತೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಸಂಸಾರವಂದಿಗರಿಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ದೂರವೇನಲ್ಲ. ನೀರಾವರಿಗೆಂದು ಕಟ್ಟಿದ ಈ ಊರಕೆರೆ ತುಂಗಭದ್ರೆಯ ಹಿನ್ನೀರಿನ ನೆರೆಯಲ್ಲಿದೆ. ನೀರಿನೊಳಗೆ ನಿಂತ ಜಾಲಿಮರಗಳ ತುಂಬ ಹಕ್ಕಿಗಳ ಗೂಡು. ಸರ್ಕಾರವು 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಯ ಅಂತರರಾಷ್ಟ್ರೀಯ ಮನ್ನಣೆಯೂ ಪ್ರಕಟವಾಯಿತು.

ಹೊರಡುವವರು ಚಳಿಗಾಲವನ್ನು ಆರಿಸಿಕೊಳ್ಳಲಿ. ದಂಡೆಯಲ್ಲಿ ಡೇರೆ, ಒಲೆ ಬೇಡ. ರಾತ್ರಿ ಪಟ್ಟಣದಲ್ಲಿ ತಂಗಿ ನಸುಕಿನಲ್ಲಿಯೇ ಕೆರೆ ಸೇರುವುದು ಲೇಸು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕುಡಿಯುವ ನೀರು, ಒಂದು ದುರ್ಬೀನು ಇದ್ದರೆ ಸಾಕು. ಗಾಳ ಮಾತ್ರ ಮನೆಯಲ್ಲಿಯೇ ಇರಲಿ. ಬಣ್ಣದ ಕೊಕ್ಕರೆ ತನ್ನ ಮರಿಗಳಿಗೆ ಉಣಿಸುವುದು ಮೀನನ್ನೇ. ಹೊಗೆಗೋ ಕೂಗಿಗೋ ಬೆದರಿ ತಾಯಿಹಕ್ಕಿ ಗೂಡು ಬಿಟ್ಟೆದ್ದಿತೆಂದರೆ ಮೊಟ್ಟೆಮರಿಗಳು ಬಿಸಿಲಿಗೂ ಕಾಗೆಹದ್ದುಗಳಿಗೂ ಈಡಾಗುತ್ತವೆ.

ನೆಂಟರ ಅಡುಗೆಮನೆಗೆ ಕೇಳದೆ ಕೈಹಾಕುವ ಅತಿಥಿಯನ್ನು ಯಾರೂ ಮತ್ತೆ ಕರೆಯುವುದಿಲ್ಲ. ಅಂಕಸಮುದ್ರದಲ್ಲಿ ಮನೆಯವರು ಹಕ್ಕಿಗಳು; ಮನುಷ್ಯರು ನೆಂಟರು.