ನಾನು ಬರೀ ಕೋಡ್ ಬರೆದೆ, ಉಳಿದದ್ದು ಮ್ಯಾನೇಜರಿಗೆ ಗೊತ್ತು

ತುಂಬ ದಿನಗಳಾಯ್ತು ಇಲ್ಲಿ ಏನೂ ಬರೆದಿರಲಿಲ್ಲ. ರಿಲೀಸು, ಗಡಿಬಿಡಿ ಅಂತ ನೆಪಗಳು ಇದ್ದೇ ಇರ್ತವೆ. ಆದರೆ ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ನಡೆದ ಒಂದು ವಾಗ್ವಾದ ತಲೆಯಿಂದ ಇಳೀತಾನೇ ಇಲ್ಲ. ಅದಕ್ಕೇ ಕೂತೆ. ಸ್ವಲ್ಪ ಉದ್ದವಾದರೆ ಬೈಕೋಬೇಡಿ.

ಮಾತು ಶುರುವಾಗಿದ್ದು ಅಮೆಸಿಸ್ ಎಂಬ ಫ್ರೆಂಚ್ ಕಂಪನಿಯಿಂದ. ಗಡಾಫಿಯ ಕಾಲದ ಲಿಬಿಯಾಕ್ಕೆ ಇಂಟರ್ನೆಟ್ ಕಣ್ಗಾವಲಿನ ವ್ಯವಸ್ಥೆ ಮಾರಿದ ಕಂಪನಿ ಅದು. ಆ ವ್ಯವಸ್ಥೆಯ ನೆರವಿನಿಂದ ಸರ್ಕಾರದ ವಿರೋಧಿಗಳನ್ನು ಹುಡುಕಿ ಹಿಡಿದು ಹಿಂಸಿಸಿದರು ಎಂಬುದು ದೂರು. 2021ರಲ್ಲಿ ಪ್ಯಾರಿಸ್ಸಿನ ತನಿಖಾ ನ್ಯಾಯಾಧೀಶರು ಅಲ್ಲಿನ ಕೆಲವು ಮುಖ್ಯಸ್ಥರ ಮೇಲೆ ಚಿತ್ರಹಿಂಸೆಗೆ ನೆರವಾದ ಆರೋಪ ಹೊರಿಸಿದರು. ಆರೋಪ ಅಷ್ಟೇ, ತೀರ್ಪಲ್ಲ.

ನನ್ನ ಗೆಳೆಯನಿಗೆ ಸಿಟ್ಟೇ ಬಂತು. "ಇದೆಂಥ ನ್ಯಾಯ ಮಾರಾಯ? ಕೊಲೆಯಾದರೆ ಚಾಕು ಮಾಡಿದವನನ್ನ ಹಿಡಿಯೋದಾ? ರಿಕ್ವೈರ್‌ಮೆಂಟ್ ಬರುತ್ತೆ, ನಾವು ಬರೀತೀವಿ. ಮುಂದಿನದು ಕ್ಲೈಂಟಿಗೆ ಬಿಟ್ಟಿದ್ದು" ಅಂದ. ಟೇಬಲ್ ಸುತ್ತ ಇದ್ದವರೆಲ್ಲ ತಲೆ ಆಡಿಸಿದರು. ನನಗೆ ಮಾತ್ರ ಕಾಫಿ ಗಂಟಲಲ್ಲಿ ಇಳೀಲಿಲ್ಲ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಈ ಚಾಕುವಿನ ವಾದ ಹೊಸದೇನಲ್ಲ. 1946ರ ಮಾರ್ಚಿನಲ್ಲಿ ಹ್ಯಾಂಬರ್ಗಿನ ಬ್ರಿಟಿಷ್ ಮಿಲಿಟರಿ ಕೋರ್ಟಿನಲ್ಲಿ ಇದೇ ವಾದ ನಡೆದಿತ್ತು. ಕಟಕಟೆಯಲ್ಲಿ ನಿಂತವರು ಮೂರು ಜನ, ಮೂವರೂ ಸೈನಿಕರಲ್ಲ. ಕೀಟನಾಶಕ ಮಾರುವ ಒಂದು ಸಣ್ಣ ಕಂಪನಿಯ ಮಾಲೀಕ ಬ್ರೂನೋ ಟೆಷ್, ಅವನ ಕೈಕೆಳಗಿನ ವ್ಯವಹಾರಸ್ಥ ಕಾರ್ಲ್ ವೈನ್‌ಬಾಖರ್, ಮತ್ತು ಯೋಆಖಿಮ್ ದ್ರೋಸಿನ್ ಎಂಬ ತಂತ್ರಜ್ಞ. ಅವರು ಸರಬರಾಜು ಮಾಡುತ್ತಿದ್ದ ಮಾಲು ಝೈಕ್ಲಾನ್ ಬಿ. ಹಡಗು, ಉಗ್ರಾಣಗಳಲ್ಲಿ ಹುಳ ಸಾಯಿಸೋಕೆ, ಬಟ್ಟೆಯ ಹೇನು ತೆಗೆಯೋಕೆ ನಿಜವಾಗಿಯೂ ಬಳಸುತ್ತಿದ್ದ ಪದಾರ್ಥ. ಆಷ್‌ವಿಟ್ಝ್‌ನಲ್ಲಿ ಅದನ್ನೇ ಮನುಷ್ಯರ ಮೇಲೆ ಬಳಸಿದರು. "ನಾವು ಹೇನಿನ ಔಷಧಿ ಮಾರಿದೆವು, ಮುಂದಿನದು ನಮಗೆ ಗೊತ್ತಿಲ್ಲ" ಎಂಬುದು ಇವರ ವಾದದ ಸಾರ. ನಮ್ಮ ಚಾಕುವೇ ತಾನೆ?

ಕೋರ್ಟು ಏನು ನೋಡಿತು ಗೊತ್ತಾ? ಮೂರು ಸಂಗತಿ. ಆ ಅನಿಲದಿಂದ ಜನ ಸತ್ತರಾ? ಅದನ್ನು ಸರಬರಾಜು ಮಾಡಿದ್ದು ಈ ಕಂಪನಿಯಾ? ಮನುಷ್ಯರನ್ನು ಕೊಲ್ಲೋಕೆ ಬಳಸ್ತಾರೆ ಅಂತ ಆರೋಪಿಗಳಿಗೆ ಗೊತ್ತಿತ್ತಾ? ಇಡೀ ಕೇಸು ನಿಂತಿದ್ದು ಮೂರನೆಯದರ ಮೇಲೆ. ಗೊತ್ತಿತ್ತು ಅಂತ ಕಂಪನಿಯ ನೌಕರರೇ ಸಾಕ್ಷಿ ಹೇಳಿದರು. ಟೆಷ್, ವೈನ್‌ಬಾಖರ್ ಇಬ್ಬರನ್ನೂ ಅದೇ ಮೇ ತಿಂಗಳಲ್ಲಿ ಗಲ್ಲಿಗೇರಿಸಿದರು. ಆದರೆ ದ್ರೋಸಿನ್ ಬಿಡುಗಡೆಯಾದ. ಸರಬರಾಜನ್ನು ತಡೆಯುವ ಸ್ಥಾನದಲ್ಲಿ ಅವನಿದ್ದ ಎಂಬುದಕ್ಕೆ ಪುರಾವೆ ಇರಲಿಲ್ಲ.

ನೋಡಿ, ಚಾಕು ಮಾಡಿದವರನ್ನೆಲ್ಲ ಎಳೆದು ತಂದು ನೇಣಿಗೆ ಹಾಕುವ ಕಾನೂನಲ್ಲ ಇದು. ಗೊತ್ತಿತ್ತಾ, ತಡೆಯೋಕೆ ಆಗ್ತಿತ್ತಾ ಅಂತ ಕೇಳುತ್ತೆ. ಮರಣದಂಡನೆ ಸರಿಯಲ್ಲ ಅನ್ನೋನು ನಾನು, ಆದರೆ ಆ ಪ್ರಶ್ನೆಗಳು ಸರಿ.

"ಅದು ಹಿಟ್ಲರನ ಕಾಲ" ಅಂತೀರಾ? ಸರಿ, ನಮ್ಮ ಕಾಲಕ್ಕೇ ಬನ್ನಿ. ಫ್ರಾನ್ಸ್ ಫಾನ್ ಆನ್ರಾಟ್ ಎಂಬ ಡಚ್ ವ್ಯಾಪಾರಿ ಸದ್ದಾಂನ ಇರಾಕಿಗೆ ರಾಸಾಯನಿಕ ಮಾರಿದ. ಅದರಿಂದ ತಯಾರಾದ ಮಸ್ಟರ್ಡ್ ಗ್ಯಾಸನ್ನು ಇರಾನಿನ ಮೇಲೂ ಕುರ್ದರ ಮೇಲೂ ಬಿಟ್ಟರು. 2005ರಲ್ಲಿ ಡಚ್ ಕೋರ್ಟು ಯುದ್ಧಾಪರಾಧಕ್ಕೆ ನೆರವಾದ ಅಂತ ಅವನಿಗೆ 15 ವರ್ಷ ಕೊಟ್ಟಿತು, ಮೇಲ್ಮನವಿಯಲ್ಲಿ ಶಿಕ್ಷೆ ಇನ್ನೂ ಹೆಚ್ಚಾಯಿತು. ನರಮೇಧಕ್ಕೆ ನೆರವಾದ ಎಂಬ ಆರೋಪದಿಂದ ಮಾತ್ರ ಬಿಟ್ಟಿತು. ಯಾಕಂದ್ರೆ ನರಮೇಧದ ಉದ್ದೇಶ ಅವನಿಗೆ ಗೊತ್ತಿತ್ತು ಎಂಬುದು ಸಾಬೀತಾಗಲಿಲ್ಲ. ಅಲ್ಲೂ ಅದೇ ಪ್ರಶ್ನೆ, ಗೊತ್ತಿತ್ತಾ?

ಇನ್ನು ನಮ್ಮವರ ಎರಡನೇ ನೆಪ. "ಬೇರೆ ದಾರಿ ಇರಲಿಲ್ಲ ಗುರೂ, ಇಎಂಐ ಇದೆ."

ದ್ರಾಜೆನ್ ಎರ್ದೆಮೊವಿಚ್ ಎಂಬ ಹುಡುಗನ ಕಥೆ ಕೇಳಿ. 1995ರ ಜುಲೈ 16, ಬೋಸ್ನಿಯಾದ ಬ್ರಾನ್ಯೆವೋ ಫಾರ್ಮ್. ಸ್ರೆಬ್ರೆನಿತ್ಸಾದ ಮುಸ್ಲಿಂ ಗಂಡಸರನ್ನು ಬಸ್ಸುಗಳಲ್ಲಿ ತಂದು ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯುವ ಕೆಲಸ. 23 ವರ್ಷದ ಈತ ಮೊದಲು ಆಗಲ್ಲ ಅಂದ. ಹಾಗಾದರೆ ನೀನೂ ಅವರ ಜೊತೆ ನಿಲ್ಲು ಎಂದರು. ಹೊಡೆದ. ಅವನದೇ ಲೆಕ್ಕದ ಪ್ರಕಾರ ಸುಮಾರು 70 ಜನರನ್ನು. ಆಮೇಲೆ ತಾನೇ ಒಪ್ಪಿಕೊಂಡ. 1997ರಲ್ಲಿ ಹೇಗ್‌ನ ಮೇಲ್ಮನವಿ ಪೀಠದಲ್ಲಿ ನ್ಯಾಯಾಧೀಶರು 3-2ಕ್ಕೆ ಒಡೆದರು. ಜೀವಭಯ ಶಿಕ್ಷೆ ತಗ್ಗಿಸುತ್ತದೆ, ಅಮಾಯಕರ ಕೊಲೆಯನ್ನು ಪೂರ್ತಿ ಮಾಫಿ ಮಾಡಲ್ಲ ಎಂಬುದು ಬಹುಮತದ ಮಾತು. ಮೊದಲು ಕೊಟ್ಟಿದ್ದ 10 ವರ್ಷ 1998ರಲ್ಲಿ 5 ವರ್ಷಕ್ಕೆ ಇಳಿಯಿತು.

ಆ ತೀರ್ಪು ನನಗೂ ಕಷ್ಟದ್ದೇ. ಅವನ ಜಾಗದಲ್ಲಿ ನಾನೇನು ಮಾಡ್ತಿದ್ದೆ, ದೇವರಿಗೇ ಗೊತ್ತು. ಆದರೆ "ಬೇರೆ ದಾರಿ ಇರಲಿಲ್ಲ" ಅನ್ನೋಕೆ ಅಷ್ಟು ದೊಡ್ಡ ಕಾರಣ ಇದ್ದವನನ್ನೂ ಕೋರ್ಟು ಪೂರ್ತಿ ಬಿಡಲಿಲ್ಲ. ನಮ್ಮ ಹಣೆಗೆ ಯಾರು ಬಂದೂಕು ಇಟ್ಟಿದ್ದಾರೆ ಸ್ವಾಮಿ? ಅಪ್ರೈಸಲ್ಲಾ?

ಗೆಳೆಯನ ಕೊನೆಯ ಬಾಣ, "ಇದೆಲ್ಲ ಗೆದ್ದವರ ನ್ಯಾಯ". ಇದರಲ್ಲಿ ಹುರುಳಿದೆ. ಟೋಕಿಯೋ ವಿಚಾರಣೆಯಲ್ಲಿ ನಮ್ಮ ರಾಧಾಬಿನೋದ್ ಪಾಲ್ 1948ರಲ್ಲಿ ಒಬ್ಬರೇ ಎಲ್ಲ ಆರೋಪಿಗಳೂ ನಿರ್ದೋಷಿಗಳು ಅಂತ ಬರೆದಾಗ ಕೇಳಿದ್ದೂ ಇಂಥದ್ದೇ. ಹಿರೋಷಿಮಾಕ್ಕೆ ಯಾರೂ ಕಟಕಟೆ ಹತ್ತಲಿಲ್ಲ. 2002ರಿಂದ ಹೇಗ್‌ನಲ್ಲಿ ಕಾಯಂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇದ್ದರೂ ಅಮೆರಿಕ, ರಷ್ಯಾ, ಚೀನಾ ಅದರ ಸದಸ್ಯರಲ್ಲ, ನಾವೂ ಅಲ್ಲ. ಅದರ ರೋಮ್ ಶಾಸನದಲ್ಲಿ ಕಂಪನಿಗಳನ್ನು ವಿಚಾರಿಸುವಂತಿಲ್ಲ, ಮನುಷ್ಯರನ್ನು ಮಾತ್ರ. ನೆರವು ನೀಡಿದವನಿಗೆ ಬರೀ ಗೊತ್ತಿದ್ದರೆ ಸಾಲದು, ಅಪರಾಧಕ್ಕೆ ಅನುಕೂಲ ಮಾಡಿಕೊಡುವ ಉದ್ದೇಶವೇ ಇರಬೇಕು ಅಂತ ಅದರ 25ನೇ ವಿಧಿಯ ಒಂದು ಉಪವಿಧಿ ಹೇಳುತ್ತೆ. ನನ್ನ ಪ್ರಕಾರ ಇದು ನಮ್ಮಂಥವರಿಗೇ ಬಿಟ್ಟ ಹಿಂಬಾಗಿಲು.

ಆದರೆ ಇದರಿಂದ ಸಾಬೀತಾಗೋದೇನು? ಹಿಡಿಯಬೇಕಾದವರನ್ನೆಲ್ಲ ಹಿಡಿದಿಲ್ಲ ಅಂತ. ಸಿಕ್ಕಿಬಿದ್ದವನು ತಪ್ಪು ಮಾಡಿಲ್ಲ ಅಂತ ಅಲ್ಲವಲ್ಲ! ಪಕ್ಕದ ಮನೆಯ ಕಳ್ಳ ತಪ್ಪಿಸಿಕೊಂಡ ಅಂತ ನಮ್ಮನೆ ಕಳ್ಳನಿಗೆ ಹಾರ ಹಾಕ್ತೀವಾ?

ಈಗ ಕಾಫಿ ಯಾಕೆ ಇಳೀಲಿಲ್ಲ ಅಂತ ಹೇಳ್ತೀನಿ. ಹಿಂದಿನ ಕೆಲಸದಲ್ಲಿ ಹಾಜರಾತಿಯ ಒಂದು ಆ್ಯಪ್ ಮಾಡಿದ್ವಿ, ಕೆಳಹಂತದ ನೌಕರರ ಫೋನಿಗೆ ಹಾಕೋದು. ಡ್ಯೂಟಿ ಮುಗಿದ ಮೇಲೆ ಲೊಕೇಶನ್ ಆಫ್ ಮಾಡಿದ ಹಾಗೆ ಕಾಣಬೇಕು, ಆಫ್ ಆಗಬಾರದು. ಇದು ಬಂದ ಬದಲಾವಣೆ. ಲೀಡ್ ಹತ್ತಿರ ಕೇಳಿದೆ. "ಕ್ಲೈಂಟ್ ಕೇಳಿದ್ದಾರೆ" ಅಂದರು. ಸರಿ ಅಂತ ಎರಡು ದಿನದಲ್ಲಿ ಬರೆದುಕೊಟ್ಟೆ. ಚೆನ್ನಾಗಿ ಮಾಡಿದ್ದೀಯ ಅಂತ ಮೇಲ್ ಕೂಡ ಬಂತು.

ಝೈಕ್ಲಾನ್ ಬಿ ಬಗ್ಗೆ ಓದುವಾಗ ಒಂದು ವಿವರ ಸಿಕ್ಕಿತು. ಸೋರಿದರೆ ಜನಕ್ಕೆ ಗೊತ್ತಾಗಲಿ ಅಂತ ಅದರಲ್ಲಿ ಕಣ್ಣುರಿ ಬರಿಸುವ ಒಂದು ಪದಾರ್ಥ ಬೆರೆಸಿರುತ್ತಿದ್ದರು. ಅದಿಲ್ಲದ ಮಾಲು ಬೇಕು ಅಂತ ಎಸ್‌ಎಸ್‌ನವರು ಕೇಳಿದರು, ಸರಬರಾಜಾಯಿತು. ಅಯ್ಯೋ, ನನ್ನ ಆ್ಯಪನ್ನು ಅದಕ್ಕೆ ಹೋಲಿಸ್ತಿಲ್ಲ. ಹೋಲಿಸಿದರೆ ಸತ್ತವರಿಗೆ ಅವಮಾನ. ಆದರೆ ಎಚ್ಚರಿಕೆಯ ಗುರುತು ತೆಗೆದುಹಾಕಿ ಅಂತ ಯಾರಾದರೂ ಕೇಳಿದಾಗ, ಯಾಕೆ ಅಂತ ಕೇಳದವನ ಮನಸ್ಥಿತಿ ನನಗೆ ಪರಿಚಯದ್ದು. ಅದು ನನ್ನದೇ.

ನನ್ನನ್ನು ಯಾವ ಹೇಗ್‌ಗೂ ಎಳೆಯಲ್ಲ, ನಿಮ್ಮನ್ನೂ ಎಳೆಯಲ್ಲ. ಆದರೆ ಆ ಪ್ರಶ್ನೆಗಳನ್ನು ಕೇಳಿಕೊಳ್ಳೋಕೆ ಕೋರ್ಟೇ ಬೇಕಾ? ಯಾರಿಗಾದರೂ ಕೇಡಾಯ್ತಾ? ಅದರಲ್ಲಿ ನನ್ನ ಕೆಲಸ ಇತ್ತಾ? ನನಗೆ ಗೊತ್ತಿತ್ತಾ? ತಡೆಯೋಕೆ ಆಗ್ತಿತ್ತಾ? ನನ್ನ ಮಟ್ಟಿಗೆ ಮೊದಲ ಮೂರಕ್ಕೂ ಉತ್ತರ ಹೌದು. ನಾಲ್ಕನೆಯದಕ್ಕೆ, ಪೂರ್ತಿ ಆಗ್ತಿರಲಿಲ್ಲ, ಆದರೆ "ನಾನು ಬರೆಯಲ್ಲ" ಅನ್ನೋದಕ್ಕಂತೂ ಆಗ್ತಿತ್ತು. ಅನ್ನಲಿಲ್ಲ.

ಮುಂದಿನ ಸಲ ಅಂತೀನಿ. ಇಲ್ಲಿ ಬರೆದಿಟ್ಟಿದ್ದು ಅದಕ್ಕೇ, ಆಗ ನುಣುಚಿಕೊಂಡರೆ ಈ ಪೋಸ್ಟ್ ತೋರಿಸಿ ನನ್ನನ್ನು ಬೈಯಿರಿ. ನಿಮಗೂ ಇಂಥ ಅನುಭವ ಆಗಿದ್ದರೆ ಕೆಳಗೆ ಬರೀರಿ. ಗೆಳೆಯ ಹೇಗೂ ಬರೀತಾನೆ, ಅವನಿಗೆ ಲಿಂಕ್ ಕಳಿಸಿದ್ದೀನಿ :)